ಅತ್ಸು ಬಿದ್ದ ಮೇಲೆ ಎತ್ಸೆಗೆ ನಿದ್ದೆಯಿಲ್ಲ

ಅತ್ಸುಗೆ ಲಕ್ವ ಹೊಡೆದ ಸುದ್ದಿ ಬಂದಾಗ ಎತ್ಸೆ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ. ಲಾರಿಯಿಂದ ಇಳಿದ ಅತ್ಸು ರಸ್ತೆ ಬದಿಯಲ್ಲೇ ಕುಸಿದನಂತೆ. ಬಲಗೈ, ಬಲಗಾಲು ಆಡುತ್ತಿಲ್ಲವಂತೆ. ಬಾಯಿ ಸೊಟ್ಟಗಾಗಿದೆಯಂತೆ. ಬಲೆ ಎಳೆಯುತ್ತಿದ್ದವರೆಲ್ಲ ಅಯ್ಯೋ ಪಾಪ ಅಂದರು. ಎತ್ಸೆ ಮಾತ್ರ ಹಗ್ಗ ಬಿಟ್ಟು ತನ್ನ ಬಲಗೈಯನ್ನೇ ಮಡಚಿ ಬಿಡಿಸಿ ನೋಡಿಕೊಂಡ.

ಅವರಿಬ್ಬರು ಅವಳಿ. ಮೊದಲು ಬಂದವನು ಅತ್ಸು, ಹಿಂದೆ ಬಂದವನು ಎತ್ಸೆ. ಎಷ್ಟು ಒಂದೇ ಥರ ಎಂದರೆ, ಘಾನಾದ ಕೇಟಾ ಊರಿನ ಸಂತೆಯಲ್ಲಿ ಒಬ್ಬ ತಿನ್ನಬೇಕಾದ ಬೈಗುಳವನ್ನು ಇನ್ನೊಬ್ಬ ತಿಂದು ಬರುತ್ತಿದ್ದ. ಅತ್ಸುಗೆ ದಡಾರ ಬಂದರೆ ಅದೇ ವಾರ ಎತ್ಸೆಗೂ ಬರುತ್ತಿತ್ತು. ಅತ್ಸುವಿನ ಯಾವ ಹಲ್ಲು ಹುಳುಕಾಯಿತೋ ಎತ್ಸೆಯದೂ ಅದೇ ಹಲ್ಲು. ಅವರ ಅಪ್ಪ ಐವತ್ತು ತುಂಬುವ ಮೊದಲೇ ಬಲೆ ಹೆಣೆಯುತ್ತ ಕೂತಲ್ಲೇ ವಾಲಿ ಪ್ರಾಣ ಬಿಟ್ಟಿದ್ದ. ದೊಡ್ಡಪ್ಪನೂ ಹಾಗೇ. ಇನ್ನು ನನ್ನ ಸರದಿ ಎಂದು ಎತ್ಸೆ ತೀರ್ಮಾನ ಮಾಡಿಬಿಟ್ಟ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕನ್ನಡಿ ಮುಂದೆ ಹಲ್ಲು ಕಿರಿದು ತುಟಿ ಎರಡೂ ಕಡೆ ಸಮ ಏಳುತ್ತದೆಯೇ ನೋಡುವನು. ಕೈ ಜೋಮು ಹಿಡಿದರೆ ಮೈಯೆಲ್ಲ ಬೆವರು. ನಿದ್ದೆ ಬರಲಿ ಎಂದು ಸೊಡಾಬಿ ಸಾರಾಯಿ ಹಾಕುವನು. ಬೆಳಗಾದರೆ ತಲೆ ಭಾರ. ತಲೆ ಭಾರವಾದರೆ ಮತ್ತೆ ಭಯ. ಅರ್ಧ ಉಂಡು ಎದ್ದು ದಂಡೆಗೆ ಹೋಗುವನು, ದಂಡೆಯಿಂದ ಯಾಕೆ ಬಂದೆನೋ ತಿಳಿಯದೆ ಮನೆಗೆ ವಾಪಸಾಗುವನು.

ಅವನ ಹೆಂಡತಿ ಅಕ್ಪೆನೆ ಮೀನು ಹೊಗೆಯಲ್ಲಿ ಒಣಗಿಸಿ ಮಾರುವವಳು. ಮಾತು ಕಡಿಮೆ. ಆದರೂ ಒಂದು ದಿನ ಹೇಳಿಯೇಬಿಟ್ಟಳು: "ಸೇನಾನ ಅಪ್ಪ, ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸ್ಕೊಂಡು ಬನ್ನಿ."

"ನೋಡಿಸಿ ಏನು ಮಾಡೋದು? ರಕ್ತದಲ್ಲೇ ಬಂದದ್ದನ್ನ ನರ್ಸು ತೆಗೆದುಹಾಕ್ತಾಳಾ?" ಎಂದು ಎತ್ಸೆ ಎದ್ದು ಹೊರಟ.

ನರ್ಸು ಅಂದರೆ ಬೇರೆ ಯಾರೂ ಅಲ್ಲ, ಅವನ ಚಿಕ್ಕಮ್ಮನ ಮಗಳು ಕಫುಯಿ. ಇವನು ಹೋಗದಿದ್ದಾಗ ಅವಳೇ ಒಂದು ಮಧ್ಯಾಹ್ನ ಬಿ.ಪಿ. ಯಂತ್ರ ಹಿಡಿದುಕೊಂಡು ಮನೆಗೆ ಬಂದಳು. ಅಂಗಳದಲ್ಲಿ ಮೀನಿನ ಒಲೆ ಉರಿಯುತ್ತಿತ್ತು. ಒಲೆ ಮುಂದೆ ಎತ್ಸೆಯ ಮಗಳು ಸೇನಾ ಕೂತಿದ್ದಳು, ತುಂಬು ಬಸುರಿ, ಹೊಗೆಗೆ ಕಣ್ಣು ಕೆಂಪಾಗಿತ್ತು. ಎತ್ಸೆ ಯಂತ್ರ ನೋಡಿದ್ದೇ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಕಫುಯಿ ಬಲವಂತ ಮಾಡಲಿಲ್ಲ. ಮಣೆ ಎಳೆದುಕೊಂಡು ಕೂತು ಅತ್ಸುವಿನ ಸಂಗತಿ ಮಾತಾಡಿದಳು. ಅವನು ಇಷ್ಟು ವರ್ಷ ಲಾರಿ ಓಡಿಸಿದ್ದು ಹೇಗೆ, ದಾರಿಯಲ್ಲಿ ಏನು ತಿನ್ನುತ್ತಿದ್ದ, ಎಷ್ಟು ನಿದ್ದೆ ಮಾಡುತ್ತಿದ್ದ ಎಂದು ಕೇಳಿದಳು. ಎತ್ಸೆಗೆ ಎಲ್ಲ ಗೊತ್ತಿತ್ತು. ಉಪ್ಪುಮೀನು, ರುಚಿಗೆಂದು ಸಾರಿಗೆ ಹಾಕುವ ಉಪ್ಪುಪ್ಪು ಮಸಾಲೆ ಬಿಲ್ಲೆ, ಎಚ್ಚರವಿರಲು ಸಿಗರೇಟು, ಎರಡು ದಿನಕ್ಕೊಮ್ಮೆ ಸ್ಟೇರಿಂಗ್ ಮೇಲೇ ಒಂದು ಜೊಂಪು.

"ನೀನು ಹಾಗೆ ಬದುಕಿದ್ಯಾ ಅಣ್ಣ?"

"ಇಲ್ಲ. ಆದ್ರೆ ರಕ್ತ ಒಂದೇ ಅಲ್ವೇನಮ್ಮ?"

"ರಕ್ತ ಒಂದೇ. ಆದ್ರೆ ನಿಮ್ಮ ಅಪ್ಪನಿಂದ ನಿಮಗೆ ಬಂದಿರೋದು ಕಾಯಿಲೆ ಅಲ್ಲ, ಕಾಯಿಲೆ ಬರೋ ಸಾಧ್ಯತೆ. ಮೈಯ ಕಣಕಣದಲ್ಲೂ ವಂಶವಾಹಿಗಳು ಇರ್ತವೆ. ಎಲ್ಲವೂ ಎಲ್ಲ ಹೊತ್ತೂ ಕೆಲಸ ಮಾಡಲ್ಲ. ಕೆಲವು ಎದ್ದಿರ್ತವೆ, ಕೆಲವು ಮಲಗಿರ್ತವೆ. ನಾವು ತಿನ್ನೋದು, ಕುಡಿಯೋದು, ಉಸಿರಾಡೋ ಹೊಗೆ, ನಿದ್ದೆ, ಚಿಂತೆ, ಇವೆಲ್ಲ ಸೇರಿ ಯಾವುದನ್ನ ಎಬ್ಬಿಸಬೇಕು, ಯಾವುದನ್ನ ಮಲಗಿಸಬೇಕು ಅನ್ನೋದರಲ್ಲಿ ಕೈಯಾಡಿಸ್ತವೆ. ಹುಟ್ಟಿದಾಗ ನೀವಿಬ್ಬರೂ ಒಂದೇ. ಇಷ್ಟು ವರ್ಷ ಬೇರೆ ಬೇರೆ ಬದುಕಿದ ಮೇಲೆ ಒಳಗೂ ಅಷ್ಟಷ್ಟು ಬೇರೆ ಆಗಿದ್ದೀರಿ."

ಎತ್ಸೆ ನಂಬಲಿಲ್ಲ. ಒಲೆ ಕಡೆಯಿಂದ ಸೇನಾ ಕೇಳಿದಳು: "ಹಾಗಾದ್ರೆ ಅತ್ತೆ, ನನ್ನ ಹೊಟ್ಟೇಲಿರೋ ಕೂಸಿಗೆ?"

ಅದಕ್ಕೂ ಇದು ತಟ್ಟುತ್ತದೆ ಎಂದಳು ಕಫುಯಿ. ಸೇನಾಳ ಅಜ್ಜಿ ಈ ಅವಳಿಗಳನ್ನು ಹೊತ್ತದ್ದು ಇಡೀ ಘಾನಾ ಹಸಿದಿದ್ದ ವರ್ಷ. ಹೊಟ್ಟೆಯೊಳಗೆ ಊಟ ಸಾಲದೆ ಬೆಳೆದವರಿಗೆ ಮುಂದೆ ಬಿ.ಪಿ., ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಹೊಗೆಯೂ ಕೂಸಿಗೆ ಒಳ್ಳೆಯದಲ್ಲ. ಆ ಮಾತು ಮುಗಿಯುವಷ್ಟರಲ್ಲಿ ಅಕ್ಪೆನೆ ಮಗಳ ತೋಳು ಹಿಡಿದು ಒಲೆಯಿಂದ ಆಚೆ ಕರೆದುಕೊಂಡು ಹೋಗಿದ್ದಳು. ಎತ್ಸೆ ಕೈ ಮಾತ್ರ ಕೊಡಲಿಲ್ಲ. ಕಫುಯಿ ಯಂತ್ರ ಎತ್ತಿಕೊಂಡು ಹೋದಳು.

ಆ ವಾರವೇ ಅತ್ಸುವನ್ನು ಆಸ್ಪತ್ರೆಯಿಂದ ಮನೆಗೆ ತಂದರು. ಎತ್ಸೆ ದಿನವೂ ಹೋಗಿ ಅವನ ಹಾಸಿಗೆ ಪಕ್ಕ ಕೂರುವನು. ಅತ್ಸುವಿನ ಸತ್ತ ಕೈ ನೋಡುವನು, ತನ್ನ ಕೈ ನೋಡುವನು. ಅತ್ಸುಗೆ ಮಾತು ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಮೂರ್ನಾಲ್ಕು ದಿನ ಸಹಿಸಿದ. ಆಮೇಲೆ ಒಂದೊಂದೇ ಪದ ಹೊರಡಿಸಿದ.

"ಲೋ, ನನ್ನ ನೋಡೋಕೆ ಬಂದಿದ್ದೀಯೋ, ನಿನ್ನ ನೋಡ್ಕೊಳ್ಳೋಕೆ ಬಂದಿದ್ದೀಯೋ?"

ಎತ್ಸೆ ತಲೆ ತಗ್ಗಿಸಿದ.

"ಅಮ್ಮನ ಹೊಟ್ಟೇಲಿ ಜಾಗ ಹಂಚ್ಕೊಂಡ್ವಿ. ಅಂಗಿ ಹಂಚ್ಕೊಂಡ್ವಿ. ಇದನ್ನೂ ಹಂಚ್ಕೋಬೇಕಾ? ನಾನು ಮಲಗಿದ್ದೀನಿ. ನೀನೂ ಮಲಗಿದ್ರೆ ನನ್ನ ಎತ್ತಿ ಕೂರಿಸೋರು ಯಾರು?"

ಎತ್ಸೆಗೆ ಅಳು ಬಂತು. ಅತ್ಸುವಿನ ಎಡಗೈ ಹಿಡಿದು ಅತ್ತ. ಅಲ್ಲಿಂದ ಎದ್ದವನು ನೇರ ಆರೋಗ್ಯ ಕೇಂದ್ರಕ್ಕೆ ನಡೆದ. ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದ, ಎರಡು ಸಲವೂ ಮತ್ತೆ ಮುಂದೆ ಹೋದ.

ಬಿ.ಪಿ. ಇತ್ತು. ಅತ್ಸುವಿನಷ್ಟಲ್ಲ, ಗೆರೆ ದಾಟಿತ್ತು ಅಷ್ಟೆ. ಸೊಡಾಬಿ ಬಿಡು, ಉಪ್ಪು ಅರ್ಧ ಮಾಡು, ಚೆನ್ನಾಗಿ ನಿದ್ದೆ ಮಾಡು, ತಿಂಗಳಿಗೊಮ್ಮೆ ಬಾ ಎಂದಳು ಕಫುಯಿ. ಅಕ್ಪೆನೆ ಸಾರಿಗೆ ಬಿಲ್ಲೆ ಹಾಕುವುದನ್ನು ಬಿಟ್ಟಳು. ಬೆಂಡೆಕಾಯಿ ಸಾರಿಗೆ ತಾಜಾ ಮೀನು, ಶುಂಠಿ, ಈರುಳ್ಳಿ ಹಾಕಿ ಆಕ್ಪ್ಲೆ ಮುದ್ದೆ ಜೊತೆ ಬಡಿಸಿದಳು. ಮೊದಲ ದಿನ ಎತ್ಸೆ, "ಇದೇನು, ಬಾವಿ ನೀರಾ?" ಎಂದ. ಅವಳು ಇನ್ನೊಂದು ಸೌಟು ಬಡಿಸಿದಳು. ಮೀನಿನ ಒಲೆಯನ್ನು ಅಂಗಳದಿಂದ ಕಿತ್ತು ಗಾಳಿ ಆಚೆ ಹೋಗುವ ಕಡೆ ಕಟ್ಟಿದರು, ಹೊಗೆಗೂಡನ್ನೂ ಎಬ್ಬಿಸಿದರು.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ನೆಂಟರ ಮನೆಯ ಸಾವಿಗೆ ಹೋದವನು ಎರಡು ದಿನ ಕುಡಿದು, ಉಪ್ಪುಮೀನು ತಿಂದು ಬಂದ. ಆ ತಿಂಗಳು ಬಿ.ಪಿ. ಮೇಲೇರಿತು. ಕಫುಯಿ ಅವನನ್ನು ವೈದ್ಯರ ಬಳಿ ಕಳಿಸಿದಳು, ಅವರು ಮಾತ್ರೆ ಬರೆದರು. ಎತ್ಸೆ ಸಿಟ್ಟಾದ. ಇಷ್ಟೆಲ್ಲ ಬಾಯಿ ಕಟ್ಟಿದ್ದು ದಂಡವಾಯಿತು ಎಂದು ಕೂಗಾಡಿದ.

"ದಂಡ ಆಗಿಲ್ಲ ಅಣ್ಣ," ಎಂದಳು ಕಫುಯಿ. "ನಿನಗೆ ಬಂದಿರೋ ಪಾಲು ದೊಡ್ಡದು. ಕೆಲವರಿಗೆ ಊಟ, ನಿದ್ದೆ ಸರಿಮಾಡಿದ್ರೆ ಸಾಕಾಗುತ್ತೆ, ಕೆಲವರಿಗೆ ಮಾತ್ರೆಯೂ ಬೇಕಾಗುತ್ತೆ. ಚೆನ್ನಾಗಿದ್ದೀನಿ ಅಂತ ಮಧ್ಯದಲ್ಲಿ ಬಿಡಬೇಡ."

ಬಿಡಲಿಲ್ಲ. ಭಯ ಪೂರ್ತಿ ಹೋಗಿದೆ ಎಂದಲ್ಲ. ಈಗಲೂ ಕೈ ಜೋಮು ಹಿಡಿದರೆ ಎದೆ ಹಾರುತ್ತದೆ. ಆದರೆ ಆ ದಿಗಿಲಲ್ಲೇ ಎದ್ದು ಅತ್ಸುವನ್ನು ನಡೆಸಲು ಹೋಗುತ್ತಾನೆ. ಅಣ್ಣನ ಸೊಂಟಕ್ಕೆ ತೋಳು ಕೊಟ್ಟು ತೆಂಗಿನ ಸಾಲಿನವರೆಗೆ ಹೋಗಿ ಬರುತ್ತಾನೆ.

ಸೇನಾಗೆ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ದಿನ ಬಂದ ಹೆಂಗಸರೆಲ್ಲ ಕೂಸಿನ ಮುಖ ತಿರುಗಿಸಿ ತಿರುಗಿಸಿ ನೋಡಿ, ಮೂಗು ಅಜ್ಜನದೇ ಎಂದರು. ಎತ್ಸೆ ಕೂಸನ್ನು ಎತ್ತಿಕೊಂಡ.

"ಮೂಗು ನಮ್ಮದೇ. ರಕ್ತವೂ ನಮ್ಮದೇ," ಎಂದ. "ಇವಳು ಉಣ್ಣೋ ಸಾರು ಮಾತ್ರ ಬೇರೆ ಇರಲಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಅಪ್ಪನಿಗೋ ಅಮ್ಮನಿಗೋ ಬಿ.ಪಿ., ಸಕ್ಕರೆ ಕಾಯಿಲೆ, ಲಕ್ವ ಇತ್ತೇ? ಹಾಗಿದ್ದರೆ ಹಣೆಬರಹ ಎಂದು ಕೈಚೆಲ್ಲಿ ಕೂರಬೇಡಿ, ನನಗೇನೂ ಆಗಿಲ್ಲವಲ್ಲ ಎಂದು ಮೈಮರೆಯಲೂ ಬೇಡಿ. ಅವರಿಂದ ಬಂದದ್ದನ್ನು ಬದಲಿಸಲು ನಮ್ಮಿಂದಾಗದು. ಉಪ್ಪು, ಹೊಗೆ, ಕುಡಿತ, ನಿದ್ದೆ, ನಡಿಗೆ, ಬಸುರಿಯ ಊಟ, ಇವು ನಮ್ಮ ಕೈಯಲ್ಲಿವೆ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿ. ಹೋಗುವಾಗ ನಿಮ್ಮ ಅಣ್ಣನನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.