ಮೂರು ಖಾಲಿ ಸಾಲು

ಮುಂದಿನ ಸೀಟಿನ ಹೆಂಗಸಿನ ಚೀಲದಿಂದ ಇಣುಕುತ್ತಿರುವುದು ಕಾಚಿಲು ಗೆಡ್ಡೆಯೇ ಇರಬೇಕು, ಮಣ್ಣು ಮೆತ್ತಿದ ಕಂದು ಸಿಪ್ಪೆ, ಮೈಯೆಲ್ಲ ಬೇರಿನ ಕೂದಲು, ಪಕ್ಕದಲ್ಲಿ ವೀಳ್ಯದೆಲೆಯ ಕಟ್ಟು, ನಾಳೆ ತಿರುವಾದಿರ, ಹೆಂಗಸರ ಹಬ್ಬ, ಇವತ್ತು ಸಂಜೆ ಮನೆಮನೆಯಲ್ಲಿ ಗೆಡ್ಡೆ ಸುಡುತ್ತಾರೆ, ಎಂಟು ಬಗೆಯ ಗೆಡ್ಡೆ ಕೆಂಡದಲ್ಲಿ ಸುಟ್ಟು ಬೆಲ್ಲದ ಪಾಕದಲ್ಲಿ ಕಲಸಿದರೆ ಎಟ್ಟಂಗಾಡಿ, ಹೋದ ವರ್ಷ ಕೊಚ್ಚಿಯ ಕಲೂರಿನ ಹಾಸ್ಟೆಲಿನಲ್ಲಿ ನಾನೂ ಬೆರಳು ನೆಕ್ಕಿಕೊಂಡು ತಿಂದಿದ್ದೆ, ಯಾವ ಗೆಡ್ಡೆ ಯಾರ ಹಿತ್ತಲಿನದು ಎಂದು ಕೇಳಿರಲಿಲ್ಲ, ಯಾರು ಕೇಳುತ್ತಾರೆ — ಈಗ ನೋಡು, ಆಫೀಸಿಗೆ ಅರ್ಧ ದಿನ ರಜೆ ಹಾಕಿ ತ್ರಿಪ್ಪುಣಿತ್ತುರದ ಬಸ್ಸಿನಲ್ಲಿ ಕೂತು ಒಂದು ಗೆಡ್ಡೆಯ ಜೀವ ಉಳಿದಿರಲಿ ಎಂದು ಹರಕೆ ಹೇಳಿಕೊಳ್ಳುತ್ತಿದ್ದೇನೆ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಲೋಕವೆಲ್ಲ ಅಳುತ್ತದೆ, ನನ್ನದು ತಿರುಗುಮುರುಗು, ಬಾಯಿಗೆ ಹೋಗದಿರಲಿ ದೇವರೇ, ಯಾರ ಬಾಯಿಗೂ ಹೋಗದಿರಲಿ. ವೈಟ್ಟಿಲ ಇಳಿಯುವವರು ಮುಂದೆ ಬನ್ನಿ ಎಂದು ಕಂಡಕ್ಟರ್ ಕೂಗುತ್ತಾನೆ, ಬಸ್ಸು ಮಾತ್ರ ಮುಂದೆ ಹೋಗುವುದಿಲ್ಲ, ಲಾರಿಗಳ ನಡುವೆ ನಿಂತು ಗುರುಗುಡುತ್ತದೆ, ಮೊಬೈಲಿನಲ್ಲಿ ಮತ್ತೆ ಒತ್ತುತ್ತೇನೆ, ಕೌಸಲ್ಯಾ ಎಂಬವರ ಮನೆಯ ನಂಬರು, ರಿಂಗ್ ಆಗುತ್ತದೆ, ಆಗುತ್ತಲೇ ಇದೆ, ಎತ್ತುವವರಿಲ್ಲ, ಹಿತ್ತಲಿನಲ್ಲಿ ಇರಬಹುದು, ಕೆಂಡ ಮಾಡುತ್ತಿರಬಹುದು, ಬೇಗ ಹೋಗು ಮಾರಾಯ್ತಿ, ಅವರು ಬೆಂಕಿಗೆ ಹಾಕಿದ್ರೆ ಮುಗೀತು, ಬೇರೆ ಎಲ್ಲಿಯೂ ಇಲ್ಲ ಅದು, ಎಂದರು ವೇದಕ್ಕ ಬೆಳಿಗ್ಗೆ ಫೋನಿನಲ್ಲಿ, ಸ್ವರ ನಡುಗುತ್ತಿತ್ತು, ಅಷ್ಟು ದೊಡ್ಡ ಹೆಂಗಸಿನ ಸ್ವರ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೊದಲು ಮೇಡಂ ಎನ್ನುತ್ತಿದ್ದೆ, ವೇದವತಿ ಮೇಡಂ, ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ ಸರಕಾರಿ ಆದೇಶಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸ, ಶ್ರೀಕಾರ್ಯಂನಲ್ಲಿ ಮನೆ, ಮನೆಯ ಹಿಂದೆ ಒಂದಿಷ್ಟು ಮಣ್ಣು, ಮಣ್ಣಿನ ತುಂಬ ಗೆಡ್ಡೆ, ಕಾಚಿಲು, ಕೆಸು, ಕೂವೆ, ಮರಗೆಣಸು, ನೀನು ಕಾಸರಗೋಡಿನವಳಾ, ಮತ್ತೆ ಎಂತಕ್ಕೆ ಇಂಗ್ಲಿಷು, ಅಂದದ್ದೇ ತಡ ಮೇಡಂ ಹೋಗಿ ಅಕ್ಕ ಆಯಿತು. ಅವರದೊಂದು ಕೂಟ, ಗೆಡ್ಡೆ ಬೆಳೆಸುವವರ ಕೂಟ, ಶ್ರೀಕಾರ್ಯಂನಿಂದ ಕೊಚ್ಚಿಯವರೆಗೆ ಅಲ್ಲಲ್ಲಿ ಮನೆಗಳು, ಮಾರಾಟ ಇಲ್ಲ, ಕೊಡುವುದು ಮಾತ್ರ, ಒಂದು ಪಡೆದವರು ಮುಂದಿನ ವರ್ಷದಿಂದ ಎರಡು ಮನೆಗೆ ಕೊಡಬೇಕು, ಅಷ್ಟೇ ಕಟ್ಟಳೆ, ಅದರ ಲೆಕ್ಕ ಇಡುವುದಕ್ಕೆ ಒಂದು ವೆಬ್‌ಸೈಟ್ ಬೇಕೆಂದು ನಮ್ಮ ಕಂಪೆನಿಗೆ ಬಂದರು, ಪುಟ್ಟ ಕೆಲಸ, ಯಾರಿಗೂ ಬೇಡದ್ದು, ಆಸ್ಪತ್ರೆ ಹೋಟೆಲುಗಳ ದೊಡ್ಡ ಕೆಲಸಗಳೆಲ್ಲ ಉಳಿದವರಿಗೆ ಹೋಗಿ ಗೆಡ್ಡೆ ನನ್ನ ತಲೆಗೆ ಬಂತು, ಎರಡು ವಾರ ಆಫೀಸಿನಲ್ಲಿ ನನ್ನ ಹೆಸರು ಅನನ್ಯ ಅಲ್ಲ, ಕಾಚಿಲ್. ಜಾಂಗೋ ಎಂಬ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ಚೌಕಟ್ಟು, ಆಗಷ್ಟೇ ಕಲಿಯುತ್ತಿದ್ದೆ, ಒಂದು ಮನೆಯ ಒಂದು ಬಳ್ಳಿಗೆ ಒಂದು ಪುಟ, ಹೆಸರು, ಊರು, ಇದೆಯೋ ಹೋಯಿತೋ, ಕೊನೆಗೆ ಯಾರಿಂದ ಬಂತು, ಅಷ್ಟು ಬರೆದುಕೊಟ್ಟರೆ ತುಂಬುವ ಪುಟ, ತಿದ್ದುವ ಪುಟ ಎಲ್ಲವನ್ನೂ ಅದೇ ಮಾಡಿ ಮುಂದಿಡುತ್ತದೆ, ನಾನು ಜಂಬದಿಂದ ತೋರಿಸಿದೆ, ವೇದಕ್ಕ ಕನ್ನಡಕ ಏರಿಸಿ ನೋಡಿ ಅಂದರು, ನನಗೆ ಕೊಟ್ಟವರು ಯಾರೂಂತ ನನಗೆ ಗೊತ್ತುಂಟು ಅನನ್ಯಾ, ನನ್ನಿಂದ ಎಲ್ಲಿಗೆ ಹೋಯ್ತು ಅಂತ ಕಾಣ್ಬೇಕು. ಹೌದಲ್ಲ, ಪುಟ ಹಿಂದಕ್ಕೆ ಮಾತ್ರ ನೋಡುತ್ತಿತ್ತು, ಪ್ರತಿ ಬಳ್ಳಿಗೂ ತನಗೆ ಕೊಟ್ಟವರ ನೆನಪಿದೆ, ತನ್ನಿಂದ ಪಡೆದವರ ಸುದ್ದಿಯೇ ಇಲ್ಲ, ರಾತ್ರಿ ಊಟದ ಮೊದಲು ಕೂತು ನಾಲ್ಕು ಸಾಲು ಸೇರಿಸಿದೆ, ಈ ಬಳ್ಳಿಯಿಂದ ಬಂತು ಎಂದು ಯಾರ್ಯಾರ ಪುಟ ಹೇಳುತ್ತದೋ ಅವರನ್ನೆಲ್ಲ ಕರೆದು ಇದರ ಕೆಳಗೇ ಕೂರಿಸು ಎಂದು, ಪುಟ ತೆರೆದೆ, ಬಂದುಬಿಟ್ಟಿತು, ಒಂದೇ ಪುಟದಲ್ಲಿ, ಮೇಲೆ ಒಂದು ಹೆಸರು, ಕೆಳಗೆ ಅದರಿಂದ ಹೊರಟ ಮನೆಗಳು, ಆಟ್ಟಿಂಗಲ್, ವರ್ಕಲ, ಕೊಲ್ಲಂ, ಹೊಸದಾಗಿ ನಾನು ಏನೂ ತುಂಬಿರಲಿಲ್ಲ, ಇದ್ದದ್ದೇ, ಮೊದಲಿನಿಂದಲೂ ಅಲ್ಲೇ ಇದ್ದದ್ದು, ನೋಡುವ ದಿಕ್ಕು ಬದಲಾಯಿಸಿದ್ದಕ್ಕೆ ಎದ್ದು ಕಂಡಿತು, ನನಗೆ ಮೈ ಜುಮ್ಮೆಂದಿತು, ನಗಬೇಡಿ ಎಂದು ಯಾರಿಗೆ ಹೇಳಲಿ, ಒಂದು ಸಾಮಾನ್ಯ ಪುಟದ ಮುಂದೆ ಕೂತು ಕಣ್ಣು ತುಂಬಿಕೊಂಡ ಪ್ರೋಗ್ರಾಮರ್ ಕಾಕ್ಕನಾಡಿನ ಐಟಿ ಪಾರ್ಕಿನಲ್ಲೆಲ್ಲ ನಾನೊಬ್ಬಳೇ ಇರಬೇಕು. ಸಾಲುಗಳ ಕೆಳಗೆ ಚೌಕಟ್ಟು ತಾನಾಗಿಯೇ ಮೂರು ಖಾಲಿ ಸಾಲು ಇಟ್ಟಿತ್ತು, ನಾನು ಹೇಳದೆಯೇ, ಯಾರ ಪುಟ ತೆರೆದರೂ ಕೊನೆಯಲ್ಲಿ ಮೂರು ಖಾಲಿ ಸಾಲು, ಇನ್ನೂ ಕೊಡಲಿಕ್ಕಿದೆ ಎಂಬ ಹಾಗೆ, ಕೂಟದ ಕಾರ್ಯದರ್ಶಿ ಅಚ್ಯುತ ಮಾಸ್ಟ್ರಿಗೆ ಅದು ಕಣ್ಣಿಗೆ ಚುಚ್ಚಿತು, ಇದೆಂತ ಬೋಳು ಬೋಳು, ತೆಗೆದುಬಿಡಿ, ವೇದಕ್ಕ ಅಡ್ಡ ಬಂದರು, ಇರ್ಲಿ ಮಾಸ್ಟ್ರೇ, ಅದನ್ನು ಕಂಡಾದ್ರೂ ಜನರಿಗೆ ನೆನಪಾಗ್ಲಿ, ಹಾಗೆ ಆ ಮೂರು ಸಾಲು ಉಳಿದವು.

ಬಸ್ಸು ಅಲ್ಲಾಡಿತು, ಪೇಟ್ಟದ ಸೇತುವೆ, ಕೆಳಗೆ ಹಸಿರು ನೀರು, ಪಾಚಿ, ವೇದಕ್ಕನ ಹಿತ್ತಲಿನಲ್ಲೂ ಈ ಮಳೆಗಾಲ ನೀರು ನಿಂತಿತ್ತು, ಪಕ್ಕದವರು ಕಂಪೌಂಡು ಎತ್ತರಿಸಿದರು, ನೀರಿಗೆ ಹೋಗಲು ದಾರಿಯಿಲ್ಲ, ನೇರಳೆ ಕಾಚಿಲು ಮಣ್ಣೊಳಗೇ ಕೊಳೆತಿತ್ತು, ಮೊನ್ನೆ ಹಬ್ಬಕ್ಕೆಂದು ಅಗೆದಾಗ ಕೈಗೆ ಸಿಕ್ಕಿದ್ದು ಬರೀ ಲೋಳೆ. ನೇರಳೆ ಕಾಚಿಲು ಬೇರೆ ಕಡೆ ಇಲ್ಲವೆಂದಲ್ಲ, ಆದರೆ ಅದು ಬೇರೆ ಇದು ಬೇರೆ, ಇದು ಅವರು ಕೆಲಸಕ್ಕೆ ಸೇರಲು ಕುಂಬಳೆಯಿಂದ ರೈಲಿನಲ್ಲಿ ಬರುವಾಗ ಕೈಚೀಲದಲ್ಲಿ ತಂದದ್ದು, ಪರಿಚಯವೇ ಇಲ್ಲದ ಊರಿನಲ್ಲಿ ಮೊದಲು ಬೇರು ಬಿಟ್ಟದ್ದು ನಾನಲ್ಲ, ಅದು, ಎಂದು ಒಮ್ಮೆ ಹೇಳಿದ್ದರು, ಕತ್ತರಿಸಿದರೆ ಚಾಕುವಿಗೂ ಬಣ್ಣ ಹತ್ತುತ್ತದಂತೆ, ತೊಳೆದರೂ ಬೆರಳು ಎರಡು ದಿನ ನೇರಳೆ. ನಾನು ಪುಟದಲ್ಲಿ ಕೆಳಗಿನ ಸಾಲುಗಳಿಗೆ ಮಗಳು ಬಳ್ಳಿ ಎಂದು ಹೆಸರು ಕೊಟ್ಟಿದ್ದೆ, ವೇದಕ್ಕ ತಿದ್ದಿದ್ದರು, ಮಗಳು ಅಲ್ಲ ಅನನ್ಯಾ, ಅದೇ ಬಳ್ಳಿ, ಬೀಜದಿಂದ ಬಂದದ್ದಲ್ಲ ಅದು, ತುಂಡು ಮಾಡಿ ನೆಟ್ಟದ್ದು, ನನ್ನ ಅಜ್ಜಿ ನೆಟ್ಟದ್ದೂ ಅದೇ, ನಾಳೆ ನೀನು ನೆಟ್ಟರೂ ಅದೇ. ಅದೇ. ಎಷ್ಟು ಸಲ ಯೋಚಿಸಿದರೂ ಮನಸ್ಸು ಅಲ್ಲಿ ನಿಂತುಬಿಡುತ್ತದೆ, ನೆಟ್ಟವರೆಲ್ಲ ಹೋದರು, ನೆಟ್ಟದ್ದು ಮಾತ್ರ ಸಾಯದೆ ಕೈಯಿಂದ ಕೈಗೆ ದಾಟುತ್ತ ಬಂದಿದೆ, ಯಾವ ಕಾಲದ ಯಾವ ಹೆಂಗಸೋ ಕಾಡಿನಿಂದ ತಂದು ಹಿತ್ತಲಿಗೆ ನೆಟ್ಟ ಮೈಯೇ ಇದು, ಒಂದು ವರ್ಷ ಯಾರಾದರೊಬ್ಬರು ಮರೆತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಮರೆಯಲಿಲ್ಲ, ಮತ್ತು ಈ ವರ್ಷ ಒಂದು ಕಂಪೌಂಡು ಗೋಡೆ. ಬೆಳಿಗ್ಗೆ ವೇದಕ್ಕ ಫೋನಿನಲ್ಲಿ ಅಲ್ಲಿ, ನಾನು ಪರದೆಯ ಮುಂದೆ ಇಲ್ಲಿ, ಅವರ ನೇರಳೆ ಕಾಚಿಲಿನ ಪುಟ ತೆರೆದೆ, ಅವರ ಹೆಸರಿನ ಕೆಳಗೆ ಏನೂ ಇಲ್ಲ, ಮೂರು ಖಾಲಿ ಸಾಲು, ಎಂತ ಉಂಟು ಅನನ್ಯಾ, ಎಂತ ಕಾಣ್ತದೆ, ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದೆ, ಆಗ ಅವರೇ ಅಂದರು, ನಮ್ಮ ಕೂಟದ ಯಜ್ಞನಾರಾಯಣರಿಗೆ ಒಂದು ಕೊಟ್ಟದ್ದು ನೆನಪುಂಟು, ಎರ್ನಾಕುಳಂನಲ್ಲಿ ಇದ್ದರಲ್ಲ, ಆದರೆ ಅವರೂ ತೀರಿಹೋದರು, ಜಾಗ ಮಾರಿ ಫ್ಲ್ಯಾಟು ಎದ್ದಿತು, ಬಳ್ಳಿಯೂ ಹೋಯ್ತು. ಹೋಯ್ತು, ಆ ಶಬ್ದ ಕೇಳಿದ್ದೇ ತಲೆಗೆ ಹೊಡೆದಂತಾಯಿತು, ಹೋದದ್ದನ್ನು ತೋರಿಸಬೇಡಿ ಎಂದಿದ್ದರು ಅಚ್ಯುತ ಮಾಸ್ಟ್ರು, ಇಲ್ಲದ ಬಳ್ಳಿಯ ಪಟ್ಟಿ ಕಟ್ಟಿಕೊಂಡು ಎಂತ ಮಾಡುದು, ಇದ್ದದ್ದು ಮಾತ್ರ ಕಂಡರೆ ಸಾಕು, ಸರಿ ಎಂದು ನಾನು ಒಂದು ಜರಡಿ ಹಾಕಿದ್ದೆ, ಹೋಯಿತು ಎಂದು ಗುರುತು ಬಿದ್ದ ಬಳ್ಳಿ ಯಾವ ಪುಟದ ಕೆಳಗೂ ಬರುವುದಿಲ್ಲ, ಪುಟ ಚೊಕ್ಕವಾಯಿತೆಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ಆದರೆ ಸತ್ತ ಬಳ್ಳಿ ಸಾಯುವ ಮೊದಲು ಕೊಟ್ಟಿರುವುದಿಲ್ಲವೇ, ನಡುವಿನ ಒಂದು ಮೆಟ್ಟಿಲು ಮುರಿದಿದೆ ಎಂದು ಮೇಲಿನ ಅಟ್ಟವೇ ಇಲ್ಲ ಅಂದುಕೊಂಡ ಹಾಗಾಯಿತು, ಜರಡಿ ತೆಗೆದೆ, ಪುಟವನ್ನು ಮತ್ತೆ ತೆರೆದೆ, ಯಜ್ಞನಾರಾಯಣ, ಹೋಯಿತು, ಪಕ್ಕದ ಕೊಂಡಿ ಒತ್ತಿದೆ, ಅವರ ಪುಟ, ಅವರ ಕೆಳಗೆ ಒಂದೇ ಒಂದು ಸಾಲು, ಕೌಸಲ್ಯಾ, ತ್ರಿಪ್ಪುಣಿತ್ತುರ, ಇದೆ. ಇದೆ, ಅಕ್ಕಾ, ಇದೆ, ಎಂದೆ, ಅವರು ಕೇಳಿದರು, ಇವತ್ತು ಮಗಯಿರ ಅಲ್ವಾ, ತಿರುವಾದಿರದ ಹಿಂದಿನ ದಿನ, ಎಟ್ಟಂಗಾಡಿ ಇವತ್ತೇ ಅಲ್ವಾ.

ಇಳಿದೆ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ದಾರಿ ಕೇಳಿದೆ, ದೇವಸ್ಥಾನದ ಹಿಂದಿನ ಓಣಿ, ಹಳೆಯ ಗೋಡೆ, ಓಣಿಯ ತುಂಬ ಹೊಗೆಯ ವಾಸನೆ, ಗೆಡ್ಡೆ ಸುಡುವ ಸಿಹಿ ಕಮರು, ಕಾಲು ತಾನಾಗಿ ಓಡುತ್ತದೆ, ಗೇಟು ತೆರೆದಿದೆ, ಯಾರಿದ್ದೀರಿ, ಯಾರೂ ಇಲ್ಲ, ಮನೆಯ ಸುತ್ತ ಹೋಗಿ ಹಿತ್ತಲು, ಅಗೆದ ಗುಂಡಿ, ಹಸಿ ಮಣ್ಣು, ಒಣಗಿದ ಬಳ್ಳಿ ಬೇಲಿಗೆ ಜೋತಾಡುತ್ತಿದೆ, ಕೆಂಡದ ಮುಂದೆ ಕೂತಿರುವ ಮುಂಡು ಉಟ್ಟ ಹೆಂಗಸು, ತಲೆ ಎತ್ತಿದರು, ಅವರ ಬೆರಳು ನೋಡಿದೆ — ನೇರಳೆ. ಚಾಕು ನೇರಳೆ, ಮಣೆ ನೇರಳೆ, ಕೆಂಡದಲ್ಲಿ ಕಪ್ಪಾಗುತ್ತಿರುವ ತುಂಡುಗಳ ನಡುವೆ ಒಂದು ಕಡೆ ಬಿರಿದ ಸಿಪ್ಪೆಯ ಒಳಗಿಂದ ಅದೇ ನೇರಳೆ, ಮುಗಿಯಿತು, ವೇದಕ್ಕನಿಗೆ ಏನೆಂದು ಹೇಳಲಿ, ಅರ್ಧ ಗಂಟೆ ಮೊದಲು ಬಂದಿದ್ದರೆ, ವೈಟ್ಟಿಲದಲ್ಲಿ ಬಸ್ಸು ನಿಲ್ಲದಿದ್ದರೆ, ಯಾರು ಮೋಳೇ, ಯಾಕೆ ಅಳುತ್ತಿದ್ದೀ, ಎಂದು ಮಗಳನ್ನು ಕೇಳಿದ ಹಾಗೆ ಕೇಳುತ್ತ ಅವರು ಎದ್ದು ನಿಂತರು, ನನ್ನ ಮಲಯಾಳ ಅಂಥ ಹೊತ್ತಿನಲ್ಲಿ ಕೈಕೊಡುತ್ತದೆ, ತೊದಲಿದೆ, ಯಜ್ಞನಾರಾಯಣ, ಕಾಚಿಲ್, ಶ್ರೀಕಾರ್ಯಂ, ಅವರು ಎಲ್ಲ ಕೇಳಿ, ಕೆಂಡವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ನಕ್ಕರು, ತಲೆಯನ್ನು ಯಾರಾದರೂ ತಿನ್ನುತ್ತಾರಾ ಮೋಳೇ. ಒಳಗೆ ಕರೆದರು, ಅಡಿಗೆಮನೆಯ ಅಟ್ಟ, ಹೊಗೆ ಹಿಡಿದ ಬುಟ್ಟಿ, ಬೂದಿ ಸವರಿದ ಮುಷ್ಟಿಗಾತ್ರದ ತುಂಡು, ಗೆಡ್ಡೆಯ ಮೇಲ್ತುದಿ, ಬಳ್ಳಿ ಹೊರಟ ಜಾಗ, ಅದನ್ನು ಮೊದಲು ಕತ್ತರಿಸಿ ಎತ್ತಿಟ್ಟ ಮೇಲೆಯೇ ಉಳಿದದ್ದು ಬೆಂಕಿಗೆ, ನಮ್ಮಮ್ಮ ಹಾಗೆ ಮಾಡುತ್ತಿದ್ದರು, ಕುಂಭ ಮಾಸದಲ್ಲಿ ನೆಡುವುದಕ್ಕೆ, ಎರಡು ಮನೆಗೆ ಕೊಡಬೇಕು ಎಂದು ಯಜ್ಞನಾರಾಯಣ ಸಾರ್ ಹೇಳಿದ್ದರು, ಇವತ್ತು ಬೆಳಿಗ್ಗೆಯಷ್ಟೇ ಸೊಸೆಯ ತವರುಮನೆಗೆ ಒಂದು ಕೊಟ್ಟಾಯಿತು, ಇನ್ನೊಂದಕ್ಕೆ ಯಾರೂ ಬಂದಿರಲಿಲ್ಲ, ಈಗ ನೀನು ಬಂದೆ. ನನಗಲ್ಲ ಅಮ್ಮಾ, ಅವರಿಗೆ, ಇದನ್ನು ಮೊದಲು ಕೊಟ್ಟವರಿಗೇ, ಎಂದೆ, ಹೇಳುತ್ತಿದ್ದಂತೆ ಪುಟ ಕಣ್ಣ ಮುಂದೆ ತೆರೆಯಿತು, ವೇದವತಿಯ ಕೆಳಗೆ ಯಜ್ಞನಾರಾಯಣ, ಅವರ ಕೆಳಗೆ ಕೌಸಲ್ಯಾ, ಕೌಸಲ್ಯಾ ಅವರ ಕೆಳಗೆ ವೇದವತಿ, ಕೊಟ್ಟವಳು ತಾನು ಕೊಟ್ಟದ್ದನ್ನೇ ಮೂರನೆಯ ಕೈಯಿಂದ ಪಡೆಯುತ್ತಾಳೆ, ಸತ್ತವರ ಪುಟದ ಮೂಲಕವೇ ದಾಟಿ ಬರುತ್ತದೆ ಅದು, ಬೇರೆ ದಾರಿಯೇ ಇಲ್ಲ, ವೇದಕ್ಕ ಕೊಡದೆ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರೆ ಇವತ್ತು ಲೋಳೆಯಷ್ಟೇ. ನಿನಗೆ ಬೇಡವೇ, ಎಂದು ಕೌಸಲ್ಯಾ ಅಮ್ಮ ಕೇಳಿದರು, ಹಾಸ್ಟೆಲ್ ಅಮ್ಮಾ, ಮೂರನೆಯ ಮಹಡಿ, ಮಣ್ಣಿಲ್ಲ, ಮಹಡಿಗೆ ಟೆರೇಸ್ ಇಲ್ಲವಾ, ಹಳೆಯ ಅಕ್ಕಿ ಚೀಲ ಸಿಗುವುದಿಲ್ಲವಾ, ಎಂದು ಅವರು ಮಣೆಯ ಮುಂದೆ ಕೂತು ಆ ತಲೆಯನ್ನು ಎರಡು ಮಾಡಿದರು, ಎರಡಕ್ಕೂ ಸಿಪ್ಪೆ ಇರುವ ಹಾಗೆ ಜೋಪಾನವಾಗಿ, ಚಾಕು ಇಳಿದ ಕಡೆ ನೇರಳೆ ಒದ್ದೆಯಾಗಿ ಹೊಳೆಯಿತು, ಬೂದಿ ಸವರಿ, ವೃತ್ತಪತ್ರಿಕೆಯಲ್ಲಿ ಬೇರೆ ಬೇರೆ ಸುತ್ತಿ ಕೈಗಿಟ್ಟರು, ಒಂದು ಅವರದು, ಒಂದು ನಿನ್ನದು, ಫೋನಿನಲ್ಲಿ ವೇದಕ್ಕ, ಅಕ್ಕಾ ಸಿಕ್ಕಿತು, ಎರಡು ತುಂಡು, ನಿಮ್ಮದನ್ನು ನಾಳೆ ರೈಲಿನಲ್ಲಿ ನಾನೇ ತರುತ್ತೇನೆ, ಆ ಕಡೆ ಅಳುವೋ ನಗುವೋ, ಇನ್ನೊಂದು ಎಂತ ಮಾಡಿದೆ ಅನನ್ಯಾ, ನನ್ನ ಹತ್ತಿರ ಉಂಟು ಅಕ್ಕಾ, ಹಾಗಾದ್ರೆ ನಿನಗೂ ಒಂದು ಪುಟ ಮಾಡು ಮಾರಾಯ್ತಿ, ಹೂಂ ಎಂದೆ, ನನ್ನ ಬೆರಳೂ ನೇರಳೆಯಾಗಿದೆ, ಪುಟ, ನಾನು ಕಟ್ಟಿದ ಪುಟಗಳಲ್ಲಿ ನನ್ನದೇ ಹೆಸರಿನದು, ಅನನ್ಯ, ಕಲೂರ್, ಇದೆ, ಯಾರಿಂದ ಬಂತು ಕೌಸಲ್ಯಾ, ಆಮೇಲೆ, ಕೆಳಗೆ, ಇನ್ನೂ ಯಾರ ಹೆಸರೂ ಇಲ್ಲದೆ, ಮೂರು ಖಾಲಿ ಸಾಲು