ಕೆಂಪಿಲ್ಲದ ಕಣ್ಣು

ಸಾಂಗ್ಲಿಯ ಬಾಪೂಸಾಹೇಬರ ಮೆಸ್ಸಿನಲ್ಲಿ ಕಾಂಚನ ದಿನಕ್ಕೆ ನಾನೂರು ಚಪಾತಿ ಲಟ್ಟಿಸುತ್ತಿದ್ದಳು. ಮೆಸ್ಸಿನ ಹಿಂದಿನ ಖೋಲಿಯಲ್ಲೇ ಅವಳೂ ಮಗಳು ದೀಪಾಲಿಯೂ ಇದ್ದರು. ಕೆಲಸ ಇರುವ ತನಕ ಖೋಲಿ, ಅಷ್ಟೇ ಕರಾರು.

ಹೋದ ವರ್ಷ ಬಲಗಣ್ಣು ಕೆಂಡವಾದಾಗ ಬಾಪೂಸಾಹೇಬರು ಅವಳನ್ನು ಅಡಿಗೆಮನೆಯ ಬಾಗಿಲಲ್ಲೇ ತಡೆದಿದ್ದರು. ಕಣ್ಣುಬೇನೆ ಬಂದವಳ ಕೈಯ ಚಪಾತಿಯನ್ನು ಯಾರು ತಿಂದಾರು? ಮೆಡಿಕಲ್ ಅಂಗಡಿಯವನು ಒಂದು ಡ್ರಾಪ್ ಕೊಟ್ಟ. ಎರಡೇ ದಿನಕ್ಕೆ ಕಣ್ಣು ತಿಳಿಯಾಯಿತು. ಬಿಟ್ಟರೆ ಕೆಂಪು, ಹಾಕಿದರೆ ತಿಳಿ. ಡಾಕ್ಟರ ಚೀಟಿ ಕೇಳುವ ಪುಣ್ಯಾತ್ಮರು ಯಾರೂ ಇರಲಿಲ್ಲವಲ್ಲ, ಹದಿಮೂರು ತಿಂಗಳು ಹಾಕಿಕೊಂಡಳು. ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿದ ಮೇಲೆ ಹೆದರಿ, ಮಿರಜಿನ ಕಣ್ಣಿನ ದವಾಖಾನೆಯಲ್ಲಿ ಪಾಳಿ ಹಚ್ಚಿದಳು.

ಡಾಕ್ಟರ್ ಮೃಣಾಲ ಚಿಕ್ಕ ವಯಸ್ಸಿನವರು. ಮನೆಯಲ್ಲಿ ಕೇಳಿ ಕಲಿತ ಕನ್ನಡ.

"ಮಾವಶಿ, ಕಣ್ಣಿನ ಒಳಗ ಬಾವು ಐತಿ. ಈ ಡ್ರಾಪಿಗೆ ಅದು ಇಳೀತೈತಿ ಖರೆ, ಆದ್ರ ಪ್ರೆಶರ್ ಏರಿ ಕಣ್ಣಿನ ನರಾನ ಸಾಯಾಕತ್ತೈತಿ."

"ಕಣ್ಣು ಹೋಗತೈತೇನ್ರಿ?"

"ಹೋದದ್ದು ಬರಂಗಿಲ್ಲ, ಉಳದದ್ದು ಉಳಸೂಣು. ಗುಳಿಗಿ ಕೊಡ್ತೀನಿ. ಡ್ರಾಪ್ ನಾ ಹೇಳಿದಂಗ ಕಡಿಮಿ ಮಾಡ್ರಿ. ಒಂದ ತಿಂಗಳು ಕೆಂಪು ಇರತೈತಿ. ಇದು ಯಾರಿಗೂ ಹತ್ತೂದಲ್ಲ."

"ಅಷ್ಟ ಬರದ ಕೊಡ್ರಿ, ಡಾಕ್ಟರ್ ಬಾಯಿ."

ಐದನೆಯ ದಿನ ಕಣ್ಣು ಕೆಂಪಾಯಿತು. ಕಾಂಚನ ದವಾಖಾನೆಯ ಶಿಕ್ಕಾ ಹೊಡೆದ ಕಾಗದ ಮುಂದೆ ಹಿಡಿದಳು. ಬಾಪೂಸಾಹೇಬರು ಕನ್ನಡಕ ಏರಿಸಿ ಎರಡು ಸಲ ಓದಿದರು. ಕೆಟ್ಟವರಲ್ಲ ಅವರು, ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ನಾ ನಂಬತೀನಿ, ಕಾಂಚನ. ಊಟಕ್ಕ ಬರೋ ಮಂದಿಗೆಲ್ಲ ಇದನ್ನ ಓದಿ ಹೇಳ್ಲೇನು? ಕಣ್ಣು ತಿಳಿ ಆದ ಮ್ಯಾಲ ಬಾ."

"ಅಲ್ಲೀತನಕ ಖೋಲಿ, ಕಾಕಾ?"

"ಲಟ್ಟಸಾಕ ಬ್ಯಾರೆ ಹೆಂಗಸು ಬಂದ್ರ ಆಕಿನ್ನ ಎಲ್ಲಿ ಇಡ್ಲಿ?"

ಖೋಲಿಗೆ ಬಂದು ಗೂಡಿನಲ್ಲಿದ್ದ ಹಳೆಯ ಬಾಟಲಿ ತೆಗೆದಳು. ಡಾಕ್ಟರ ಮೇಲೆ, ಬಾಪೂಸಾಹೇಬರ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೇ ಸಿಟ್ಟು ಬಂತು. ಏನಾಗುತ್ತದೆಂದು ಈಗ ಗೊತ್ತಿತ್ತು. ಗೊತ್ತಿದ್ದೇ ಹಾಕಿಕೊಂಡಳು, ಬೇಗ ತಿಳಿಯಾಗಲಿ ಎಂದು ಎರಡು ಹನಿ ಹೆಚ್ಚಿಗೆ.

ಮೂರನೆಯ ದಿನ ಬೆಳಿಗ್ಗೆ ಮತ್ತೆ ಲಟ್ಟಿಸುತ್ತ ಕೂತಿದ್ದಳು.

"ನೋಡು, ಈ ಡಾಕ್ಟರ್ ಮಂದಿ ಸುಮ್ಮನ ಅಂಜಸ್ತಾರ. ಕಣ್ಣು ಎಷ್ಟು ಚಲೋ ಆಗೇತಿ!"

ಬಾಪೂಸಾಹೇಬರ ದನಿ ಬಲಕ್ಕೆ, ಕಿವಿಯ ಹತ್ತಿರವೇ ಕೇಳಿತು. ಅವರು ಬಂದು ನಿಂತದ್ದೇ ಅವಳಿಗೆ ತಿಳಿದಿರಲಿಲ್ಲ. ಲಟ್ಟಣಿಗೆ ಬಿಟ್ಟು, ಕತ್ತನ್ನು ಪೂರ್ತಿ ಹೊರಳಿಸಿದ ಮೇಲೆಯೇ ಅವರು ಕಂಡರು.

"ಹೌದ್ರಿ, ಕಾಕಾ," ಎಂದಳು.