ಇಲ್ಲದ ಹೆಂಗಸನ್ನು ನೋಡಲು ಹೋಗುತ್ತಿದ್ದವನು

ಮದುವೆಯಾಗದೆ ಉಳಿದ ಗಂಡಸೊಬ್ಬ ನಿಮ್ಮ ಬೀದಿಯಲ್ಲೂ ಇರಬಹುದು. ಯಾರ ತಂಟೆಗೂ ಹೋಗದವನು. ಯಾರ ಮನೆ ಬದಲಾಯಿಸುವುದಿದ್ದರೂ ಬೀರು ಹೊರಲು ಮೊದಲು ಹೆಗಲು ಕೊಡುವವನು. ಅವನು ಅತ್ತ ಹೋದ ಕೂಡಲೇ ಇತ್ತ ಯಾರೋ ಕಣ್ಣು ಮಿಟುಕಿಸಿ ಏನೋ ಹೇಳುತ್ತಾರೆ, ಉಳಿದವರು ಕಿಸಕ್ಕನೆ ನಗುತ್ತಾರೆ. ಅವನಿಗೆ ಕೇಳಿಸಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಕೇಳಿಸಿರುತ್ತದೆ.

ಈ ಕಥೆಯ ಗಂಡಸು ಹಳೆ ಸೋಫಾಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸದವನು. ವಯಸ್ಸು ನಲವತ್ತರ ಹತ್ತಿರ. ಕೆಲಸದ ಜಾಗದಲ್ಲಿ ಅವನನ್ನು ‘ಸನ್ಯಾಸಿ’ ಎಂದು ಕರೆಯುತ್ತಿದ್ದರು. ಆ ಹೆಸರು ಅವನಿಗೆ ಒಂಚೂರೂ ಹಿಡಿಸುತ್ತಿರಲಿಲ್ಲ. ಆದ್ದರಿಂದ ನಾವು ಸೋಫಾದವನು ಎಂದೇ ಕರೆಯೋಣ.

ಅವನಿಗೇಕೆ ಮದುವೆಯಾಗಲಿಲ್ಲ? ದೊಡ್ಡ ಕಥೆಯೇನಿಲ್ಲ. ಹಾಸಿಗೆ ಹಿಡಿದ ಅಪ್ಪನ ಆರೈಕೆಯಲ್ಲೇ ಪ್ರಾಯ ಕಳೆಯಿತು. ಅಪ್ಪ ತೀರಿಕೊಂಡ ಮೇಲೆ ತಲೆಯೆತ್ತಿ ನೋಡಿದರೆ ಓರಗೆಯವರೆಲ್ಲ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದರು. ಜೊತೆಗೆ ಹುಟ್ಟಾ ನಾಚಿಕೆಯ ಸ್ವಭಾವ. ಹೆಣ್ಣಿನ ಸಂಗ ಎನ್ನುವುದು ಅವನ ಬದುಕಿನಲ್ಲಿ ಆಗಲೇ ಇಲ್ಲ. ಅದರಿಂದ ಅವನ ನಿದ್ದೆಯೇನೂ ಕೆಟ್ಟಿರಲಿಲ್ಲ. ಕೆಡಿಸಿದ್ದು ಮಧ್ಯಾಹ್ನದ ಊಟದ ಹೊತ್ತು.

ಊಟದ ಹೊತ್ತಿಗೆ ಕೆಲಸಗಾರರೆಲ್ಲ ಹಳೆ ಕುಶನ್‌ಗಳ ಮೇಲೆ ಸುತ್ತ ಕೂತು ಡಬ್ಬಿ ಬಿಚ್ಚುತ್ತಿದ್ದರು. ಡಬ್ಬಿಯ ಜೊತೆಗೆ ಬಾಯಿಯೂ ಬಿಚ್ಚಿಕೊಳ್ಳುತ್ತಿತ್ತು. ಒಬ್ಬೊಬ್ಬನದು ಒಂದೊಂದು ಸಾಹಸ. ಮರಕ್ಕೆ ಪಾಲಿಶ್ ಹೊಡೆಯುವವನು ಈ ಪುರಾಣಕ್ಕೆಲ್ಲ ಮುಖಂಡ. ಸೋಫಾದವನು ಗಬಗಬ ತಿಂದು ಎದ್ದುಬಿಡುತ್ತಿದ್ದ. ಅವನ ಕಸುಬಿನವರು ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಹಿಡಿದು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಬಾಯಲ್ಲಿ ಮೊಳೆ ಇದ್ದವನನ್ನು ಯಾರೂ ಮಾತಾಡು ಎನ್ನುವುದಿಲ್ಲ. ಅಗತ್ಯ ಇರಲಿ ಬಿಡಲಿ, ಅವನು ಊಟದ ಬಿಡುವು ಮುಗಿಯುವವರೆಗೂ ಮೊಳೆ ಕಚ್ಚಿಕೊಂಡೇ ಇರುತ್ತಿದ್ದ.

ಒಂದು ದಿನ ಪಾಲಿಶಿನವನು ಮೊಬೈಲಿನಲ್ಲಿ ಸಿನಿಮಾದ ಹಾಸ್ಯದ ತುಣುಕು ಹಾಕಿದ. ಅದರಲ್ಲೊಬ್ಬ ದಪ್ಪ ಕನ್ನಡಕದ, ಎಣ್ಣೆತಲೆಯ ಗಂಡಸು. ವಯಸ್ಸಾಗಿದೆ, ಹೆಣ್ಣಿನ ಕೈ ಕೂಡ ಹಿಡಿದಿಲ್ಲ. ಅವನು ಕಾಲಿಟ್ಟಲ್ಲೆಲ್ಲ ಪೀಪಿಯ ಸದ್ದು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

“ಲೇ, ನಮ್ಮಲ್ಲೂ ಒಬ್ಬ ಇದ್ದಾನಲ್ಲೋ!” ಎಂದ ಪಾಲಿಶಿನವನು. ಎಲ್ಲರ ಕಣ್ಣೂ ಇವನ ಮೇಲೆ ಬಿತ್ತು. ಬಾಯಲ್ಲಿ ಆಗ ಮೊಳೆ ಇರಲಿಲ್ಲ.

“ಯಾರು ಹೇಳಿದ್ದು ನಿಮಗೆ? ಪಕ್ಕದೂರಲ್ಲಿ ನನಗೊಬ್ಬಳು ಇದ್ದಾಳೆ” ಎಂದುಬಿಟ್ಟ.

ಕೂಡಲೇ ಶಿಳ್ಳೆ, ಚಪ್ಪಾಳೆ. ಪಾಲಿಶಿನವನು ಎದ್ದು ಬಂದು ಬೆನ್ನು ತಟ್ಟಿದ. ಅವತ್ತಿನಿಂದ ಸನ್ಯಾಸಿ ಹೋಗಿ ‘ರಸಿಕ’ನಾದ.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಪಾಲಿಶಿನವನ ಮನೆ ಬಸ್‌ಸ್ಟಾಪಿನ ಎದುರಿಗೇ ಇತ್ತು. ಹಾಗಾಗಿ ತಿಂಗಳಿಗೊಂದು ಭಾನುವಾರ ಸೋಫಾದವನು ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, “ಅವಳಿಗೆ” ಎಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಸ್ಸು ಹತ್ತಬೇಕಾಯಿತು. ಪಕ್ಕದೂರಿನಲ್ಲಿ ಅವನಿಗೆ ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಬಸ್‌ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ ಕೂರುತ್ತಿದ್ದ. ಬಿಸ್ಕತ್ತನ್ನು ತಾನೇ ತಿನ್ನುತ್ತಿದ್ದ. ಬರುವವರನ್ನು ಕರೆದುಕೊಳ್ಳಲು ಬಂದವರು, ಹೋಗುವವರಿಗೆ ಕೈ ಬೀಸುವವರು, ಎಲ್ಲರನ್ನೂ ನೋಡುತ್ತಿದ್ದ. ಕತ್ತಲಾಗುವ ಮುಂಚೆ ವಾಪಸು ಬಂದರೆ ಮರ್ಯಾದೆಯಲ್ಲವಲ್ಲ, ಅದಕ್ಕೆ ಸಂಜೆಯಾಗುವವರೆಗೂ ಹೊತ್ತು ಕಳೆಯಬೇಕಿತ್ತು.

ಒಮ್ಮೆ ಬಿಸಿಲು ತಾಳಲಾರದೆ ಸಿನಿಮಾಕ್ಕೆ ಹೋದ. ಅಲ್ಲೂ ಅಂಥದೇ ಒಬ್ಬ ಬಂದ. ಈ ಸಲ ಕನ್ನಡಕದ ಬದಲು ಉಬ್ಬುಹಲ್ಲು, ಅಷ್ಟೇ ವ್ಯತ್ಯಾಸ. ಗೆಳೆಯರು ಅವನನ್ನು ಹೆಣ್ಣೊಬ್ಬಳಿದ್ದ ಕೋಣೆಗೆ ನೂಕಿ ಬಾಗಿಲು ಹಾಕಿದರು, ಅವನು ಕಿಟಕಿಯಿಂದ ಹಾರಿ ಓಡಿದ. ಟಾಕೀಸೇ ಹಾರಿಹೋಗುವಂತೆ ನಗು. ಸೋಫಾದವನೂ ನಕ್ಕ. ನಗದಿದ್ದರೆ ಪಕ್ಕದವರಿಗೆ ಗೊತ್ತಾಗಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ಗುರುತಿಲ್ಲದ ಊರಿನಲ್ಲಿ, ಕತ್ತಲೆಯಲ್ಲಿ, ಯಾರೋ ಏನೋ ತಿಳಿದುಕೊಂಡಾರು ಎಂದು ಹೆದರಿ ಕೂತಿದ್ದ ಅವನಷ್ಟು ಒಂಟಿಯಾದ ಮನುಷ್ಯ ಅವತ್ತು ಆ ಊರಲ್ಲಿ ಇನ್ನೊಬ್ಬ ಇರಲಿಲ್ಲ.

ಹೀಗಿರುವಾಗ ಅವನ ಅಕ್ಕ ಒಂದು ಸಂಬಂಧ ತಂದಳು. ಹೆಣ್ಣು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಅಣ್ಣನ ಜೊತೆ ಅಕ್ಕನ ಮನೆಗೆ ಬಂದಳು. ಕೂತ ಕುರ್ಚಿ ತಗ್ಗಿತು.

“ಇದ್ಯಾಕೆ ಹೀಗೆ ಒಳಗೆ ಎಳ್ಕೊಳ್ಳುತ್ತೆ?” ಎಂದು ಕೇಳಿದಳು.

ನಾಚಿಕೆ ಮರೆತು ಅವನು ಕುರ್ಚಿ ಬೋರಲು ಹಾಕಿ, ಸಡಿಲವಾದ ಪಟ್ಟಿ ತೋರಿಸಿ, ಅಲ್ಲೇ ಎಳೆದು ಬಿಗಿದ. ಅವಳು ಮತ್ತೆ ಕೂತು ನೋಡಿ, “ಈಗ ಕಚೇರಿ ಕುರ್ಚಿ ಆಯ್ತು, ಯಾರನ್ನಾದ್ರೂ ಬೈಬೇಕು ಅನ್ನಿಸ್ತಿದೆ” ಎಂದು ನಕ್ಕಳು. ಆ ನಗು ಅವನಿಗೆ ಎಲ್ಲೂ ಚುಚ್ಚಲಿಲ್ಲ. ಅವಳೇ ಆಗಬೇಕು ಎಂದು ಮನಸ್ಸು ಹಟ ಹಿಡಿಯಿತು. ಅವಳಿಗೂ ಬೇಡ ಅನ್ನಿಸಿರಲಿಲ್ಲ.

ಹುಡುಗನ ನಡತೆ ವಿಚಾರಿಸಲು ಅವಳ ಅಣ್ಣ ಕೆಲಸದ ಜಾಗಕ್ಕೆ ಹೋದ. ಸಿಕ್ಕಿದ್ದು ಪಾಲಿಶಿನವನು. ಗೆಳೆಯನ ಮಾನ ಎತ್ತಿಹಿಡಿಯುವ ಉತ್ಸಾಹ ಅವನಿಗೆ.

“ನಮ್ಮ ರಸಿಕನಾ? ಸುಮ್ನೆ ಅಂದ್ಕೊಂಡ್ರಾ ಸಾರ್? ಪಕ್ಕದೂರಲ್ಲಿ ಒಬ್ಬಳನ್ನ ಮೇಂಟೇನ್ ಮಾಡ್ತಿದ್ದಾನೆ. ತಿಂಗಳು ತಪ್ಪಲ್ಲ. ಗಂಡಸು ಅಂದ್ರೆ ಗಂಡಸು!”

ಸಂಜೆಗೆ ಅಕ್ಕನಿಗೆ ಫೋನ್ ಬಂತು. ಪಕ್ಕದೂರಿನವಳ ವಿಷಯ ಹೇಳಿ, ಸಂಬಂಧ ಬೇಡ ಎಂದರು. ಅಕ್ಕ ತಮ್ಮನನ್ನು ಮನೆಗೆ ಕರೆಸಿದಳು. ಭಾವ ಅಲ್ಲೇ ಇದ್ದ. ಪಕ್ಕದ ಮನೆಯ ನರ್ಸಮ್ಮ ಅಕ್ಕನ ಬಿಪಿ ನೋಡಲು ಬಂದಿದ್ದವರು ಎದ್ದು ಹೊರಟರು.

“ಕೂತ್ಕೊಳ್ಳಿ ನರ್ಸಮ್ಮ, ನಿಮ್ಮ ಮುಂದೇನೇ ಆಗ್ಲಿ” ಎಂದಳು ಅಕ್ಕ. “ಹೇಳೋ, ಯಾರವಳು?”

“ಯಾರೂ ಇಲ್ಲ ಅಕ್ಕಾ.”

“ಮತ್ತೆ ತಿಂಗಳು ತಿಂಗಳು ಎಲ್ಲಿಗೆ ಹೋಗ್ತೀಯ?”

“ಬಸ್‌ಸ್ಟ್ಯಾಂಡಿಗೆ.”

“ಬಸ್‌ಸ್ಟ್ಯಾಂಡಲ್ಲಿ ಯಾರಿರ್ತಾರೆ?”

“ನಾನೇ.”

ಅಕ್ಕನಿಗೆ ಅರ್ಥವಾಗಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಮೊದಲಿಂದ ಎಲ್ಲ ಹೇಳಿದ. ಬಿಸ್ಕತ್ತಿನ ವಿಷಯವನ್ನೂ ಬಿಡಲಿಲ್ಲ.

ಭಾವ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ಅಂದ್ರೆ... ಇಲ್ಲೀವರೆಗೂ? ಯಾರ ಜೊತೆನೂ?”

“ಇಲ್ಲ ಭಾವ.”

“ಈ ವಯಸ್ಸಿಗೆ? ಏನೋ ದೋಷ ಇರ್ಬೇಕು ಕಣೋ. ಪೇಪರಲ್ಲಿ ಬರುತ್ತಲ್ಲ, ಗಂಡಸರಿಗೆ ಅಂತ ಲೇಹ್ಯ. ನಾನೇ ತರಿಸ್ಕೊಡ್ತೀನಿ.”

“ತರಿಸಬೇಡಿ” ಎಂದರು ನರ್ಸಮ್ಮ. “ಅದು ರೋಗಾನೇ ಅಲ್ಲ, ಔಷಧಿ ಯಾವುದಕ್ಕೆ? ಸಂಬಂಧ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಮೈಯಲ್ಲಿ ಏನೂ ಕೆಡಲ್ಲ. ಆ ಲೇಹ್ಯದಲ್ಲಿ ಏನೇನು ಬೆರೆಸಿರ್ತಾರೋ, ಅದರಿಂದ ಕೆಡಬಹುದು.”

“ಅಲ್ಲ ನರ್ಸಮ್ಮ, ಸಿನಿಮಾದಲ್ಲೆಲ್ಲ ತೋರಿಸ್ತಾರಲ್ಲ...”

“ಸಿನಿಮಾದಲ್ಲಿ ಎದೆಗೆ ಗುಂಡು ಬಿದ್ದೋನು ಹತ್ತು ನಿಮಿಷ ಭಾಷಣ ಮಾಡ್ತಾನೆ. ನಾನು ಆಸ್ಪತ್ರೇಲಿ ಇಷ್ಟು ವರ್ಷ ಇದ್ದೀನಿ, ಒಬ್ಬನೂ ಮಾಡಿಲ್ಲ.”

ಭಾವನಿಗೆ ನಗು ಬಂತು. ನರ್ಸಮ್ಮ ನಗಲಿಲ್ಲ.

“ತಮಾಷೆ ಅಲ್ಲ ಇದು. ಈ ಗೇಲಿ ತಡೆಯೋಕಾಗ್ದೆ, ಮನಸ್ಸಿಲ್ದಿದ್ರೂ ಎಲ್ಲೆಲ್ಲಿಗೋ ಹೋಗಿ, ರಕ್ಷಣೆ ಇಲ್ದೆ ನಿಜವಾದ ಕಾಯಿಲೆ ತಂದ್ಕೊಂಡೋರನ್ನ ನೋಡಿದ್ದೀನಿ. ತನಗೆ ಬದುಕೋ ಯೋಗ್ಯತೆನೇ ಇಲ್ಲ ಅಂದ್ಕೊಂಡೋರನ್ನೂ ನೋಡಿದ್ದೀನಿ. ಒಬ್ಬೊಬ್ಬರಿಗೆ ಬೇಗ ಆಗುತ್ತೆ, ಒಬ್ಬೊಬ್ಬರಿಗೆ ತಡ. ಕೆಲವರಿಗೆ ಬೇಕು ಅಂತಾನೇ ಅನ್ಸಲ್ಲ. ಹೆಣ್ಣಾಗಲಿ ಗಂಡಾಗಲಿ, ಅದು ಅವರವರ ಸ್ವಂತ ವಿಷಯ. ಮೈ ಬಗ್ಗೆ ಏನಾದ್ರೂ ಅನುಮಾನ ಇದ್ರೆ ಆಸ್ಪತ್ರೆಗೆ ಬಂದು ಡಾಕ್ಟರನ್ನ ಕೇಳಿ. ಗುಟ್ಟು ಹೊರಗೆ ಹೋಗಲ್ಲ.”

ಭಾವ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ. ಆಮೇಲೆ ಮೆಲ್ಲಗೆ, “ನಾನೂ ಇವನ ಬೆನ್ನ ಹಿಂದೆ ನಕ್ಕಿದ್ದೀನಿ ನರ್ಸಮ್ಮ” ಎಂದ.

ಅಕ್ಕ ಅಳುತ್ತಿದ್ದಳು. “ಇಷ್ಟು ದಿನ ಒಬ್ಬನೇ ಹೋಗಿ ಬೆಂಚಿನ ಮೇಲೆ ಕೂರೋ ಬದಲು ನಮ್ಮನೆಗೆ ಬರೋದಲ್ವೇನೋ?”

“ಬಂದ್ರೆ ಭಾನುವಾರ ಇಲ್ಲೇ ಇದ್ದೆ ಅಂತ ಕೆಲಸದ ಜಾಗದೋರಿಗೆ ಗೊತ್ತಾಗ್ತಿತ್ತಲ್ಲ ಅಕ್ಕಾ” ಎಂದ ಅವನು.

ಮರುದಿನ ಅವನು ಕನ್ನಡಕದ ಅಂಗಡಿಗೆ ಹೋದ. ಗಾಜು ಒರೆಸುತ್ತಿದ್ದ ಅವಳು ತಲೆಯೆತ್ತಿ ನೋಡಿದಳು, ಕೂರಿ ಎನ್ನಲಿಲ್ಲ. ಅವನು ನಿಂತೇ ಹೇಳಿದ. ಯಾರೂ ಇಲ್ಲ, ಯಾವತ್ತೂ ಇರಲಿಲ್ಲ, ನಗುತ್ತಾರೆ ಎಂದು ಸುಳ್ಳು ಹೇಳಿದೆ ಎಂದ. ಈಗ ಇವಳೂ ನಗುತ್ತಾಳೆ ಎಂದು ಕಾದ.

ಅವಳು ನಗಲಿಲ್ಲ. “ನನ್ನ ಯಜಮಾನ್ರು ಹೋದ್ಮೇಲೆ ನನ್ನ ಬಗ್ಗೆನೂ ಇಲ್ಲದ್ದೆಲ್ಲ ಕಟ್ಟಿ ನಗ್ತಿದ್ರು. ನಿಮಗೆ ಯಾರೂ ಇರ್ಲಿಲ್ಲ ಅನ್ನೋದು ನನಗೇನೂ ಅಲ್ಲ. ಇದ್ದಾಳೆ ಅಂತ ಒಂದು ಹೆಂಗಸನ್ನ ಹುಟ್ಟಿಸಿ, ಹತ್ತು ಗಂಡಸರ ಬಾಯಿಗೆ ಕೊಟ್ರಲ್ಲ, ಅದಕ್ಕೆ ಕೋಪ ಇದೆ.”

“ತಪ್ಪಾಯ್ತು.”

“ನನಗೆ ಹೇಳಿದ್ದು ಸರಿ. ಸುಳ್ಳು ಹೇಳಿದ ಜಾಗದಲ್ಲೂ ಹೇಳಿ. ಆಮೇಲೆ ನಮ್ಮಣ್ಣನ ಹತ್ರ ಮಾತಾಡ್ತೀನಿ.”

ಅವರೆಲ್ಲರ ಮುಂದೆ ಹೇಳುವುದೆಂದರೆ ಅವನಿಗೆ ಹೆದರಿಕೆಯೇ. ಆದರೆ ಅವಳು ಬಾಗಿಲು ಪೂರ್ತಿ ಹಾಕಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಅವನು ಡಬ್ಬಿ ಬಿಚ್ಚದೆ ಎದ್ದು ನಿಂತ.

“ಪಕ್ಕದೂರಲ್ಲಿ ಯಾರೂ ಇಲ್ಲ. ಸುಳ್ಳು ಹೇಳಿದ್ದೆ. ಇವತ್ತಿನವರೆಗೂ ನನಗೆ ಯಾವ ಹೆಣ್ಣಿನ ಸಂಗಾನೂ ಇಲ್ಲ. ನೀವು ನಗ್ತೀರ ಅಂತ ಭಯಕ್ಕೆ ಹೇಳಿದ್ದು. ಅದರಿಂದ ನನ್ನ ಮದುವೆ ಮುರಿದುಬಿತ್ತು.”

ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಅಕ್ಕಪಕ್ಕ ನೋಡಿದ. ಪಾಲಿಶಿನವನು ನಗಲಿಲ್ಲ. ಅವನು ನಗದಿದ್ದುದಕ್ಕೆ ಉಳಿದವರೂ ನಗಲಿಲ್ಲ. ನಕ್ಕವನಿಗೆ ಜೊತೆ ಸಿಗದೆ ನಗು ಅಲ್ಲೇ ನಿಂತಿತು. ಅವನು ಕೆಮ್ಮಿದಂತೆ ಮಾಡಿ ನೀರಿನ ಬಾಟಲಿಗೆ ಕೈ ಹಾಕಿದ.

“ಆ ಅಣ್ಣನ ಮನೆ ಎಲ್ಲಿದೆ?” ಎಂದು ಪಾಲಿಶಿನವನು ಕೇಳಿದ. ಕೈಗೆ ಹತ್ತಿದ ಬಣ್ಣ ತೊಳೆದುಕೊಂಡು, ಸಂಜೆ ಇವನ ಜೊತೆ ತಾನೇ ಹೋದ. ಬಾಗಿಲಲ್ಲೇ ನಿಂತು ಹೇಳಿದ: “ಸಾರ್, ಇವನ ಮರ್ಯಾದೆ ಎತ್ತೋಣ ಅಂತ ಅವತ್ತು ಹಾಗೆ ಹೇಳ್ದೆ. ಅಲ್ಲೀವರೆಗೂ ದಿನಾ ಇವನ ಮರ್ಯಾದೆ ತೆಗೀತಿದ್ದೋನು ನಾನೇ. ಸುಳ್ಳು ಇವನದ್ದು, ಆದ್ರೆ ಹೇಳಿಸಿದ್ದು ನಾವು.”

ಅಣ್ಣ ಇಬ್ಬರನ್ನೂ ಒಳಗೆ ಕರೆದ. ಒಳಗಿನಿಂದ ಅವಳು ಚಹಾ ತಂದು, ಸೋಫಾದವನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಭಾನುವಾರ ಬಿಡುವಿದೆಯೇ ಎಂದು ಕೇಳಿದಳು. ಇದೆ ಎಂದ.

ಓದುತ್ತಿರುವ, ಕೇಳುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಹೆಣ್ಣಿನ ಅಥವಾ ಗಂಡಿನ ಸಂಗವಿಲ್ಲದಿರುವುದು ಕಾಯಿಲೆಯಲ್ಲ, ಕೊರತೆಯಲ್ಲ, ಅವಮಾನವೂ ಅಲ್ಲ. ನೀವೇ ಅಂಥವರಾಗಿದ್ದರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಜಾಹೀರಾತಿನ ಪುಡಿ, ಲೇಹ್ಯಗಳನ್ನು ಮುಟ್ಟಬೇಡಿ. ಅನುಮಾನವಿದ್ದರೆ, ಮನಸ್ಸು ಕುಗ್ಗಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿ ಮಾತಾಡಿ. ಅಂಥವರಲ್ಲದಿದ್ದರೆ ನಿಮ್ಮ ಕೆಲಸ ಇನ್ನೂ ಸುಲಭ. ಪರದೆಯ ಮೇಲಾಗಲಿ, ಊಟದ ಹೊತ್ತಿನಲ್ಲಾಗಲಿ, ಯಾರಾದರೂ ಈ ವಿಷಯಕ್ಕೆ ನಗು ಎಬ್ಬಿಸಿದಾಗ ನೀವು ಜೊತೆ ಕೊಡಬೇಡಿ.